ಮೇ ಬಿಸಿಲಲ್ಲಿ ಕಿಂಗ್ ಏರ್ ಬಿ200: ಹಾರಿಸಿದವರು ಸ್ವಲ್ಪ ಹೇಳಿ

ನಾನು ಸಿಂಧನೂರಿನವನು. ಸೆಸ್ನಾ 172, ಆಮೇಲೆ ಸ್ವಲ್ಪ ಡಿಎ42, ಈ ಸಣ್ಣ ತರಬೇತಿ ವಿಮಾನಗಳಷ್ಟೇ ನನ್ನ ಅನುಭವ. ಮುಂದಿನ ತಿಂಗಳಿಂದ ಎರಡು ಟರ್ಬೊಪ್ರಾಪ್ ಇಂಜಿನ್ ಇರುವ ಕಿಂಗ್ ಏರ್ ಬಿ200 ವಿಮಾನದಲ್ಲಿ ಕೋ-ಪೈಲಟ್. ಬೆಂಗಳೂರಿನಿಂದ ತೋರಣಗಲ್ಲಿಗೇ ಜಾಸ್ತಿ ಓಡಾಟವಂತೆ. ಪುಸ್ತಕ ಓದಿದ್ದೇನೆ. ನಮ್ಮ ಕಡೆ ಬಿಸಿಲಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ?

—

ತಮ್ಮಾ, ಆ ವಿಮಾನದ ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ ಆರು ವರ್ಷ ಕೂತವನು ನಾನು. ಹೊಸಬರ ಕಣ್ಣೆಲ್ಲ ಟಾರ್ಕ್ ಮುಳ್ಳಿನ ಮೇಲೆ, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಬಲ ತೋರಿಸುವ ಮುಳ್ಳಿನ ಮೇಲೆ. ಜನವರಿ ಬೆಳಿಗ್ಗೆ ಅದು ನಡೆಯುತ್ತದೆ. ಮೇ ಮಧ್ಯಾಹ್ನ ಹಾಗಲ್ಲ. ಮೇಲೇರುತ್ತಾ ಹೋದಂತೆ ಟಾರ್ಕ್ ತನ್ನ ಮಿತಿ 2,230 ಮುಟ್ಟುವ ಮೊದಲೇ ಐಟಿಟಿ, ಅಂದರೆ ಇಂಜಿನ್ ಒಳಗಿನ ಶಾಖ, 800 ಡಿಗ್ರಿಯ ಗೆರೆಗೆ ಬಂದಿರುತ್ತದೆ. ಆಗ ಲಿವರ್ ಮುಂದೆ ತಳ್ಳಿದರೆ ಸುಡುವುದು ಇಂಜಿನ್.

ಲೆಕ್ಕ ಹಾಕಿ ನೋಡು. ಬಳ್ಳಾರಿ ಸೀಮೆ ಸುಮಾರು 1,600 ಅಡಿ ಎತ್ತರ. 42 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ 5,000 ಅಡಿಯ ಮೇಲಿನ ಗಾಳಿಯಷ್ಟು ತೆಳ್ಳಗಿರುತ್ತದೆ. ರನ್‌ವೇ ಜಾಸ್ತಿ ತಿನ್ನುತ್ತದೆ, ಏರುವುದು ನಿಧಾನ. ಎರಡೂ ಇಂಜಿನ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ಒಂದು ಹೋದರೆ ಆಗ ಗೊತ್ತಾಗುತ್ತದೆ. ಹಾಗಾಗಿ ಕೆಟ್ಟ ಇಂಜಿನ್ನಿನ ಬ್ಲೇಡು ಗಾಳಿಗೆ ಅಡ್ಡ ನಿಲ್ಲದಂತೆ ತಾನಾಗೇ ತಿರುಗಿಸುವ ಆಟೋಫೆದರ್ ಪರೀಕ್ಷೆಯನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಬೇಡ.

ಇಳಿಸುವಾಗ ಇನ್ನೊಂದು. ಸೆಸ್ನಾದ ಅಭ್ಯಾಸದಲ್ಲಿ ರನ್‌ವೇ ಮೇಲೆ ಬಂದ ಕೂಡಲೇ ಪವರ್ ಪೂರ್ತಿ ಎಳೆದುಬಿಡುತ್ತೀಯ. ಇಲ್ಲಿ ಆ ಎರಡು ದೊಡ್ಡ ಪ್ರೊಪೆಲ್ಲರ್ ಬ್ರೇಕ್ ಹಾಕಿದ ಹಾಗೆ ಗಾಳಿಗೆ ಅಡ್ಡ ನಿಲ್ಲುತ್ತವೆ. ನಾನು ಮೊದಲ ವಾರದಲ್ಲೇ ಧಪ್ ಅಂತ ಕೂರಿಸಿದ್ದೆ. ಹಿಂದೆ ಕೂತ ಸಾಹೇಬರು "ಬಂದ್ವಾ?" ಅಂದರು, ಅಷ್ಟೇ. ಮೂತಿ ಎತ್ತುವವರೆಗೂ ಸ್ವಲ್ಪ ಪವರ್ ಇರಲಿ. ಇಳಿದ ಮೇಲೆ ಪ್ರೊಪೆಲ್ಲರ್ ಗಾಳಿಯನ್ನು ಮುಂದಕ್ಕೆ ತಳ್ಳಿ ವೇಗ ಇಳಿಸುವ ರಿವರ್ಸ್ ಹಾಕಿದರೆ 40 ನಾಟ್ ಹತ್ತಿರ ಬರುವುದರೊಳಗೆ ಬಿಡು. ಇಲ್ಲದಿದ್ದರೆ ನಮ್ಮ ಕೆಂಪು ಧೂಳು, ಸಣ್ಣ ಕಲ್ಲು ಎಲ್ಲ ಬ್ಲೇಡಿಗೇ.

—

ನಾನು ಮೆಂಟೆನೆನ್ಸ್‌ನವನು. ಸರ್ ಹೇಳಿದ ಧೂಳಿಗೆ ಒಂದು ಮಾತು ಸೇರಿಸುತ್ತೇನೆ. ನೆಲದ ಮೇಲೆ ಐಸ್ ವೇನ್, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿರುವ ತಗಡು, ಇಳಿಸಿಕೊಳ್ಳಿ. ಹೆಸರು ಐಸಿನದು, ಆದರೆ ಧೂಳನ್ನೂ ತಡೆಯುತ್ತದೆ. ಟೇಕಾಫ್‌ಗೆ ಮುಂಚೆ ಮರೆಯದೆ ಎತ್ತಿ, ಇಲ್ಲವಾದರೆ ಪವರ್ ಕಡಿಮೆಯಾಗುತ್ತದೆ. ಸ್ಟಾರ್ಟ್ ಮಾಡುವಾಗ ಎನ್1, ಅಂದರೆ ಇಂಜಿನ್ ಕಂಪ್ರೆಸರ್ ತಿರುಗುವ ವೇಗ, ಶೇ. 12 ದಾಟದೆ ಇಂಧನ ಬಿಡಬೇಡಿ. ಬ್ಯಾಟರಿ ಸೋತಿದ್ದರೆ ಹೊರಗಿನಿಂದ ಕರೆಂಟ್ ಕೊಡುವ ಜಿಪಿಯು ಕೇಳಿ, ನಾಚಿಕೆ ಬೇಡ. ಹಾಟ್ ಸ್ಟಾರ್ಟ್ ಆಗಿ, ಅಂದರೆ ಸ್ಟಾರ್ಟ್‌ನಲ್ಲೇ ಮಿತಿ ಮೀರಿ ಕಾದರೆ, ಇಂಜಿನ್ ಬಿಚ್ಚಿ ನೋಡುವವರು ನಾವು.

—

ನಾನು ಲೋಡ್ ಲೆಕ್ಕ ನೋಡುತ್ತಿದ್ದವನು. ಟೇಕಾಫ್ ತೂಕದ ಮಿತಿ 5,670 ಕಿಲೋ. ಟ್ಯಾಂಕ್ ತುಂಬಿಸಿದರೆ ಸೀಟೆಲ್ಲ ತುಂಬಿಸಲಾಗದು. ಬೆಂಗಳೂರಿಗೆ ಹೋಗಲು ತುಂಬು ಟ್ಯಾಂಕ್ ಯಾಕೆ ಬೇಕು? ಹೊರಡುವುದನ್ನು ಬೆಳಿಗ್ಗೆ ಏಳಕ್ಕೆ ಇಟ್ಟುಕೊಂಡರೆ ಅರ್ಧ ತಲೆನೋವು ಇರುವುದಿಲ್ಲ. ಸಾಹೇಬರು ಊಟ ಮುಗಿಸಿ ಎರಡಕ್ಕೆ ಬಂದರೆ ನೀವೇನು ಮಾಡುತ್ತೀರಿ, ಅದು ಬೇರೆ ಮಾತು.

—

ಎಲ್ಲರಿಗೂ ಥ್ಯಾಂಕ್ಸ್. ಸರ್, ನೆಲದ ಮೇಲೆ ಎಸಿ ಹೇಗೆ?

—

ಬಲಗಡೆ ಇಂಜಿನ್ ಎನ್1 ಶೇ. 62 ದಾಟಿದರೇ ಅದು ನಡೆಯುವುದು. ಒಂದು ಟವೆಲ್ ಇಟ್ಟುಕೋ ತಮ್ಮಾ.