ಸಹಾಯ ಬೇಕು: ಅಲೆಕ್ ಗಿನ್ನೆಸ್ ಅವರ ಹಾಸ್ಯಚಿತ್ರಕ್ಕೆ ಕನ್ನಡ ಅಡಿಬರಹ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದು ನಿವೃತ್ತರಾದ ನಮ್ಮ ತಂದೆಯವರಿಗೆ ತೋರಿಸಬೇಕೆಂಬ ಆಸೆಯಿಂದ, ಬ್ರಿಟನ್ನಿನ ನಟ ಅಲೆಕ್ ಗಿನ್ನೆಸ್ ಅವರು ನಟಿಸಿದ, ಈಲಿಂಗ್ ಸ್ಟುಡಿಯೋದ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’ (1951) ಚಿತ್ರಕ್ಕೆ ನಾನು ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ಎಂಟು ಪಾತ್ರಗಳನ್ನು ಒಬ್ಬರೇ ಅಭಿನಯಿಸಿದ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ (1949) ಅವರಿಗೆ ದೊಡ್ಡ ಹೆಸರು ತಂದರೂ, ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ.

ಕೊಳೆಯಾಗದ, ಸವೆಯದ ಬಟ್ಟೆಯನ್ನು ಕಂಡುಹಿಡಿದ ರಸಾಯನಶಾಸ್ತ್ರಜ್ಞನೊಬ್ಬನ ವಿರುದ್ಧ ಗಿರಣಿ ಮಾಲೀಕರೂ ಕಾರ್ಮಿಕರೂ ಒಟ್ಟಿಗೇ ತಿರುಗಿಬೀಳುವ ಕಥೆಯಿದು. ಕೊನೆಯ ಭಾಗದಲ್ಲಿ, ಬಿಳಿಯ ಸೂಟು ತೊಟ್ಟು ತಪ್ಪಿಸಿಕೊಂಡು ಓಡುತ್ತಿರುವ ಅವನನ್ನು ಬಟ್ಟೆ ಒಗೆದು ಬದುಕುವ ಮುದುಕಿಯೊಬ್ಬಳು ಕಂಡು, ಒಗೆಯಲು ಬಟ್ಟೆಯೇ ಇಲ್ಲದಂತಾದರೆ ತನ್ನ ಗತಿಯೇನೆಂದು ಕೇಳುತ್ತಾಳೆ; ಗಿನ್ನೆಸ್ ಅವರ ಮುಖ ಆ ಕ್ಷಣ ಉತ್ತರವಿಲ್ಲದೆ ಬರಿದಾಗುತ್ತದೆ. ಆ ಮಾತನ್ನು ನಾನು ಎಷ್ಟು ಸಲ ಬರೆದರೂ ಅದು ಪುಸ್ತಕದ ಭಾಷೆಯಾಗಿಬಿಡುತ್ತಿದೆ.

ದಾವಣಗೆರೆ ಕಡೆಯ ವಯಸ್ಸಾದ ಹೆಂಗಸೊಬ್ಬರು ಈ ಪ್ರಶ್ನೆಯನ್ನು ಹೇಗೆ ಕೇಳಿಯಾರು ಎಂಬುದನ್ನು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಗಿರಣಿಯಲ್ಲಿ ದುಡಿದವರು ನೂಲುವ ಹಾಗೂ ನೇಯುವ ವಿಭಾಗಗಳಿಗೆ, ಸಂಘದ ಮುಂದಾಳಿಗೆ ದಿನನಿತ್ಯ ಬಳಸುತ್ತಿದ್ದ ಮಾತುಗಳೂ ನನಗೆ ಬೇಕಾಗಿವೆ. ತಂದೆಯವರನ್ನೇ ಕೇಳಬಹುದಿತ್ತು, ಆದರೆ ಚಿತ್ರ ತೋರಿಸುವ ದಿನದವರೆಗೆ ಅವರಿಗೆ ಗೊತ್ತಾಗಬಾರದೆಂಬುದು ನನ್ನ ಇಚ್ಛೆ.

ಇನ್ನೊಂದು ವಿಷಯ. ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಮಂದವಾಗಿರುವುದರಿಂದ, ಪ್ರಯೋಗಾಲಯದ ಗಾಜಿನ ಕೊಳವೆಗಳಲ್ಲಿ ದ್ರವ ಕುದಿಯುವ ಆ ತಾಳಬದ್ಧವಾದ ಗುಳುಗುಳು ಸದ್ದನ್ನೂ ಅಕ್ಷರಗಳಲ್ಲೇ ಕಾಣಿಸಬೇಕಾಗಿದೆ. ಅದಕ್ಕೆ ಒಪ್ಪುವ ಅನುಕರಣ ಪದಗಳು ಹೊಳೆದರೆ ಅವನ್ನೂ ಸೂಚಿಸಿ.