ರೂಟ್‌ಸ್ಟಾಕ್‌ಗೆ ಏನನ್ನೋಣ: ಬೇರುಕಾಂಡ, ಬುಡಗಿಡ, ಇಲ್ಲಾ ಬೇರೇನಾದ್ರೂ ಇದೆಯಾ?

ಎಲ್ರಿಗೂ ನಮಸ್ಕಾರ. ಕಿತ್ತಳೆ, ಮೂಸಂಬಿ ಕಸಿ ಬಗ್ಗೆ ಬೆಳೆಗಾರರಿಗೆ ಅಂತ ಒಂದು ಸಣ್ಣ ಪುಸ್ತಕ ಬರೀತಿದೀನಿ, ಮೊದಲ್ನೇ ಪುಟದಲ್ಲೇ ರೂಟ್‌ಸ್ಟಾಕ್ (ಕಸಿ ಕಟ್ಟೋವಾಗ ಬೇರು ಸಮೇತ ಕೆಳಗಿರೋ ಗಿಡ) ಅನ್ನೋ ಪದ ಕಾಲಿಗೆ ತೊಡರ್ಕೊಂಡಿದೆ. ತೋಟಗಾರಿಕೆ ಬರಹಗಳಲ್ಲಿ ಬೇರುಕಾಂಡ, ಬೇರುಸಸಿ, ಮೂಲಕಾಂಡ ಎಲ್ಲಾ ನೋಡಿದೀನಿ. ಬೇರುಕಾಂಡ ಅಂದ್ರೆ ನನಗೆ ಶುಂಠಿ ಅರಿಶಿನದ ಗೆಡ್ಡೆನೇ ಕಣ್ಮುಂದೆ ಬರತ್ತೆ, ಮೂಲಕಾಂಡ ಅಂದ್ರಂತೂ ರಾಮಾಯಣದಲ್ಲಿ ಬಿಟ್ಟುಹೋದ ಒಂದು ಕಾಂಡ ಇರ್ಬೇಕು ಅನ್ಸತ್ತೆ. ತಾಯಿಗಿಡ ಅಂತ ಹಾಕಿ ಅಂದ್ರು ಒಬ್ರು. ಅದು ಆಗಲ್ಲ, ಯಾಕಂದ್ರೆ ನರ್ಸರಿಲಿ ತಾಯಿಗಿಡ ಅಂದ್ರೆ ಕಸಿಗೆ ಕಣ್ಣು (ಮೊಗ್ಗು) ತೆಗೆಯೋ ಒಳ್ಳೆ ಜಾತಿ ಗಿಡ, ಕೆಳಗಿಂದಕ್ಕೂ ಅದೇ ಹೆಸರಿಟ್ರೆ ಓದಿದೋರು ತಲೆಕೆಳಗು ಮಾಡ್ಕೋತಾರೆ.

ನಮ್ಮಲ್ಲಿ ಬೀಜದ ಗಿಡ, ಕಸಿ ಗಿಡ ಅಂತ ಇಡೀ ಗಿಡಕ್ಕೆ ಎರಡು ಹೆಸರಿದಾವೆ, ಕಸಿ ಗಿಡದ ಕೆಳಗಿನ ಅರ್ಧಕ್ಕೆ ಅಂತ ಬೇರೆ ಹೆಸರು ನನಗೆ ಕೇಳಿಸಿಲ್ಲ. ಅದಕ್ಕೆ ಕಾರಣ ಇರಬಹುದು, ಕೊಡಗಿನ ಕಿತ್ತಳೆ ಹಿಂದಿನಿಂದ್ಲೂ ಕಾಫಿ ತೋಟದ ಮಧ್ಯೆ ಬೀಜದಿಂದ್ಲೇ ಬೆಳೆದದ್ದು, ನಿಂಬೆನೂ ಬಹಳ ಕಡೆ ಬೀಜದಿಂದ್ಲೇ ಎಬ್ಬಿಸ್ತಾರೆ. ಒಂದೇ ಬೀಜದಲ್ಲಿ ಎರಡು ಮೂರು ಮೊಳಕೆ ಬಂದು ಅದ್ರಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚೇ ಆಗಿರ್ತಾವೆ, ಹಾಗಾಗಿ ಕಸಿ ಮಾಡ್ಲೇಬೇಕು ಅನ್ನೋ ಒತ್ತಡ ಮಾವಿನಷ್ಟು ಇಲ್ಲಿರಲಿಲ್ಲ.

ಆದ್ರೆ ಈಗ ಆ ಕೆಳಗಿನ ಅರ್ಧದ ಬಗ್ಗೆನೇ ಪುಟಗಟ್ಲೆ ಬರೀಬೇಕು. ಜಂಬೀರಿ (ರಫ್ ಲೆಮನ್ ಅನ್ನೋ ಒರಟು ಸಿಪ್ಪೆಯ ನಿಂಬೆ ಜಾತಿ) ಮೇಲೆ ಕಸಿ ಕಟ್ಟಿದ ಮೂಸಂಬಿ ಬೇಗ ಎದ್ದು ದೊಡ್ಡ ಮರ ಆಗತ್ತೆ, ಕಾಯಿ ದಪ್ಪ, ಸಿಪ್ಪೆನೂ ದಪ್ಪ, ರಸ ಮಾತ್ರ ತೆಳು. ಅದೇ ಮೂಸಂಬಿನ ಟ್ರೈಫೋಲಿಯೇಟ್ (ಕಿತ್ತಳೆ ಬಳಗದ ಮೂರೆಲೆಯ ಮುಳ್ಳುಗಿಡ) ಮೇಲೆ ಕಟ್ಟಿ, ಮರ ನಿಧಾನ, ಗಾತ್ರ ಸಣ್ಣದು, ರಸದಲ್ಲಿ ಸಕ್ಕರೆ ಹೆಚ್ಚು. ಫ್ಲೈಯಿಂಗ್ ಡ್ರ್ಯಾಗನ್ ಅಂತ ಅದ್ರದ್ದೇ ಒಂದು ತಳಿ ಇದೆ, ಅದ್ರ ಮೇಲೆ ಕಟ್ಟಿದ್ದು ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಡತ್ತೆ. ಹಾಗಂತ ಎಲ್ರೂ ಟ್ರೈಫೋಲಿಯೇಟ್ ಹಾಕೋಕಾಗಲ್ಲ, ಸುಣ್ಣ ಜಾಸ್ತಿ ಇರೋ ಮಣ್ಣಲ್ಲಿ ಅದಕ್ಕೆ ಕಬ್ಬಿಣ ದಕ್ಕದೆ ಎಲೆ ಹಳದಿಯಾಗತ್ತೆ.

ಇಲ್ಲಿ ನನ್ನ ಎರಡನೇ ಪ್ರಶ್ನೆ. ಕರಡಲ್ಲಿ "ಸಿಹಿ ಹೆಚ್ಚುತ್ತದೆ", "ಸಿಹಿ ಕಡಿಮೆಯಾಗುತ್ತದೆ" ಅಂತ ಬರೆದಿದ್ದೆ, ಅದು ಸಾಲಲ್ಲ. ಜಂಬೀರಿ ಬೇರು ಜೋರಾಗಿ ನೀರೆಳೆದು ಮೇಲೆ ಕಳಿಸತ್ತೆ, ಹಣ್ಣಲ್ಲಿ ಸಕ್ಕರೆನೂ ಕಮ್ಮಿ ಹುಳಿನೂ ಕಮ್ಮಿ, ಇದಕ್ಕೆ ಸಪ್ಪೆ ಅನ್ನೋದಕ್ಕಿಂತ ಒಳ್ಳೆ ಪದ ಇಲ್ಲ. ಟ್ರೈಫೋಲಿಯೇಟಲ್ಲಿ ಸಕ್ಕರೆ ಹುಳಿ ಎರಡೂ ಏರತ್ತೆ, ಇದಕ್ಕೇನನ್ನೋದು? ರುಚಿ ಗಟ್ಟಿ ಅನ್ಬಹುದಾ? ರಸದ ಸಕ್ಕರೆಗೆ ಬ್ರಿಕ್ಸ್ ಅಂತ ಅಳತೆ ಕೊಟ್ರೂ ನಾಲಿಗೆಗೆ ಗೊತ್ತಾಗೋದು ಎರಡೂ ಸೇರಿದ್ದೇ.

ಇನ್ನೊಂದು, "ಬುಡದ ಗುಣ ಹಣ್ಣಿಗೆ ಏರತ್ತೆ" ಅಂತ ಬರೆದ್ರೆ ಬುಡ ಹುಳಿಯಾದ್ರೆ ಹಣ್ಣೂ ಹುಳಿ ಅಂತ ಅರ್ಥ ಆಗಿಬಿಡತ್ತೆ. ಸಕ್ಕರೆ ಆಗೋದು ಮೇಲಿನ ಎಲೆಲಿ, ಬೇರು ಮಾಡೋದು ನೀರು ಗೊಬ್ಬರದ ಲೆಕ್ಕಾಚಾರ. ಹುಳಿ ಕಿತ್ತಳೆ ಬುಡದ ಮೇಲೆ ಹಣ್ಣು ಚೆನ್ನಾಗೇ ಬರತ್ತೆ, ಬ್ರೆಜಿಲ್, ಅರ್ಜೆಂಟೀನಾದಲ್ಲಿ ಅದನ್ನೇ ನಂಬಿದ್ರು, ಆಮೇಲೆ 1930ರ ದಶಕದಲ್ಲಿ ಟ್ರಿಸ್ಟೆಜಾ ವೈರಸ್ ಬಂದು ಮರಗಳು ಲಕ್ಷಗಟ್ಲೆ ಸತ್ವು. ವೈರಸ್ಸಿಂದ ಕಸಿ ಗಂಟಿನ ಕೆಳಗೆ ಆಹಾರ ಇಳಿಯೋ ದಾರಿ ಕಟ್ಟಿ ಬೇರು ಉಪವಾಸ ಬೀಳ್ತಿತ್ತು, ಬೇರೆ ಬುಡದ ಮೇಲಿನ ಅದೇ ಮೂಸಂಬಿ ತಡ್ಕೊಳ್ತಿತ್ತು. ಬ್ರೆಜಿಲಿನೋರು ಆಮೇಲೆ ಹಿಡಿದದ್ದು ರಂಗಪುರ ನಿಂಬೆ, ಬರ ತಡಿಯತ್ತೆ ಅಂತ. ಹೆಸರಲ್ಲಿ ನಿಂಬೆ ಇದ್ರೂ ಅದು ಕಿತ್ತಳೆ ಮಾದಳದ ಬೆರಕೆ, ಹಣ್ಣಿನ ಬಣ್ಣನೂ ಕಿತ್ತಳೆನೇ. ಇದಕ್ಕೂ ಒಂದು ಅಡಿಟಿಪ್ಪಣಿ ಹಾಕ್ಬೇಕೇನೋ.

ಸದ್ಯಕ್ಕೆ ನಾನು ಬುಡಗಿಡ ಅಂತ ಇಟ್ಕೊಂಡಿದೀನಿ. ಕೆಳಗಿರೋದು ಬರೀ ಬೇರಲ್ಲ, ಅದೂ ಒಂದು ಬೇರೆ ಜಾತಿ ಗಿಡ ಅಂತ ಗೊತ್ತಾಗ್ಬೇಕು ಅನ್ನೋದು ನನ್ನ ಹಟ. ಗಂಟಿನ ಕೆಳಗೆ ಮೂರೆಲೆಯ ಮುಳ್ಳು ಚಿಗುರು ಬಂದ್ರೆ ಅದು ಬುಡಗಿಡದ ಚಿಗುರು, ತೆಗೀರಿ ಅಂತ ಸಲೀಸಾಗಿ ಹೇಳ್ಬಹುದು. ತೊಂದ್ರೆ ಏನಂದ್ರೆ "ಗಿಡದ ಬುಡ" ಜೊತೆ ಕಲಸುಮೇಲೋಗರ ಆಗತ್ತೆ, "ಬುಡಗಿಡದ ಬುಡಕ್ಕೆ ಮಣ್ಣು ಏರಿಸಬೇಡಿ" ಅಂತ ಬರೆದು ನಾನೇ ನಕ್ಕಿದೀನಿ.

ಗಂಟಿನ ಕೆಳಗಿನ ಆ ಚಿಗುರಿಗೆ ಕಾಫಿಯೋರ ಕಂಬಚಿಗುರು (ಕಾಫಿ ಗಿಡದಲ್ಲಿ ನೆಟ್ಟಗೆ ಏಳೋ ಬೇಡದ ಚಿಗುರು) ಅನ್ನೋ ಪದ ಎರವಲು ತಗೊಂಡ್ರೆ ನಡಿಯತ್ತಾ? ಕೊಡಗು, ಶಿರಸಿ, ಇಂಡಿ ಕಡೆಯೋರು ಯಾರಾದ್ರೂ ಇದ್ರೆ, ನಿಮ್ಮನೇಲಿ ಕಸಿ ಕಟ್ಟೋರು ಆ ಕೆಳಗಿನ ಗಿಡಕ್ಕೆ ಏನಂತಾರೆ ತಿಳಿಸಿ.