ಪದ ಬೇಕು: ಡಿಸ್‌ಇನ್ಫರ್ಮೇಶನ್ (ತುರ್ತು)

ಎಲ್ಲರಿಗೂ ನಮಸ್ಕಾರ. ಪೂರ್ವ ಯುರೋಪಿನ ಮಾಲ್ಡೋವಾ ದೇಶದ ಪತ್ರಕರ್ತರ ಬಗೆಗಿನ ಒಂದು ಕಿರುಚಿತ್ರಕ್ಕೆ ಸಬ್‌ಟೈಟಲ್ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಬೇಕು. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಯುರೋಪಿಯನ್ ಒಕ್ಕೂಟ ಸೇರುವ ವಿಚಾರವಾಗಿ ಜನಮತಗಣನೆ ನಡೆಯಿತಲ್ಲ, ಹೌದು ಅಂದವರು ಶೇ. 50ಕ್ಕಿಂತ ಕೂದಲೆಳೆಯಷ್ಟೇ ಜಾಸ್ತಿ. ಮತಕ್ಕೆ ದುಡ್ಡು ಹಂಚುವ ಜಾಲದೊಳಗೆ ಝಿಯಾರುಲ್ ದೆ ಗಾರ್ದ ಪತ್ರಿಕೆಯವರು ಗುರುತು ಮರೆಸಿಕೊಂಡು ಹೊಕ್ಕಿದ್ದರು.

ತಿಳಿಯದೆ ಹೇಳಿದ ತಪ್ಪು, ಬೇಕಂತಲೇ ಕಟ್ಟಿದ ಸುಳ್ಳು, ಎರಡೂ ಒಂದೇ ಮಾತಿನಲ್ಲಿ ಬರುತ್ತವೆ. ಮೊದಲನೆಯದಕ್ಕೆ ‘ತಪ್ಪು ಮಾಹಿತಿ’ ಹಾಕಿದ್ದೇನೆ. ಎರಡನೆಯದಕ್ಕೆ, ಅಂದರೆ ಡಿಸ್‌ಇನ್ಫರ್ಮೇಶನ್‌ಗೆ? ಪರದೆಯ ಮೇಲೆ ಎರಡೇ ಸಾಲು ಜಾಗ.

ಮರು:
ಹುಸಿಸುದ್ದಿ. ಹಳಗನ್ನಡದ ‘ಪುಸಿ’ ಇರುವಾಗ ಪರದಾಟ ಯಾಕೆ? ಪತ್ರಿಕೆಗಳು ದಿನಾ ‘ಹುಸಿ ಬಾಂಬ್ ಕರೆ’ ಅಂತ ಬರೆಯುತ್ತವೆ. ಬೇಕಂತಲೇ ಮಾಡಿದ್ದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮರು:
‘ಹುಸಿಮುನಿಸು’ ಕೂಡ ಬೇಕಂತಲೇ ಮಾಡಿದ್ದೇ ಸರ್. ಅದರಲ್ಲಿ ಕೇಡು ಎಲ್ಲಿದೆ? ‘ದುರ್ಮಾಹಿತಿ’ ಅನ್ನಿ.

ಮರು:
‘ದುರ್’ ಸಂಸ್ಕೃತದ ತಲೆ, ‘ಮಾಹಿತಿ’ ಮರಾಠಿಯ ಮುಂಡ. ಹಳೆಯ ವ್ಯಾಕರಣಕಾರ ಕೇಶಿರಾಜ ಬೇಡ ಅಂದ, ಸಂಸ್ಕೃತ-ಕನ್ನಡ ಬೆರೆಸಿದ ಅರಿಸಮಾಸಕ್ಕೂ ಒಂದು ಮರ್ಯಾದೆ ಇತ್ತು.

ಮರು:
ಸಮಾಸದ ಮಾತು ಹಾಗಿರಲಿ. ಯುನೆಸ್ಕೋದ 2018ರ ಕೈಪಿಡಿಯಲ್ಲಿ ಮೂರನೆಯದೂ ಒಂದಿದೆ, ಮ್ಯಾಲ್‌ಇನ್ಫರ್ಮೇಶನ್. ಸುದ್ದಿ ನಿಜವೇ, ಆದರೆ ಹರಡುವುದು ಕೇಡಿಗಾಗಿ. ಯಾರದೋ ಖಾಸಗಿ ಪತ್ರ ಬಯಲಿಗೆ ಹಾಕಿದ ಹಾಗೆ. ‘ದುರ್’ ಅದಕ್ಕೆ ಉಳಿಯಲಿ. ‘ಅಪಪ್ರಚಾರ’ವೂ ಬೇಡ. ಒಬ್ಬರ ಹೆಸರು ಕೆಡಿಸುವುದಕ್ಕೆ ಅದು ಸರಿ. ಮತಗಟ್ಟೆಯ ಸಮಯ ಬದಲಾಗಿದೆ ಅಂತ ಸುಳ್ಳು ಹಬ್ಬಿಸಿದರೆ ಯಾರ ಹೆಸರು ಕೆಟ್ಟಿತು?

ಮರು:
ಇಂಗ್ಲಿಷಿನವರೇ ಡಿಸ್‌ಇನ್ಫರ್ಮೇಶನ್ ಅನ್ನೋದನ್ನು ರಷ್ಯನ್ನಿನ ದೆಜಿನ್ಫರ್ಮಾತ್ಸಿಯಾ ನೋಡಿ ಮಾಡಿಕೊಂಡದ್ದು. ಮಾಲ್ಡೋವಾದವರು ದೆಜಿನ್ಫರ್ಮಾರೆ ಅಂತಾರೆ. ಅವರ ಮನೆ ಮುಳುಗಿತೇ? ಇಂಗ್ಲಿಷನ್ನೇ ಹಾಗೇ ಇಟ್ಟುಬಿಡಿ. ‘ಕಾಗದ’ ಪಾರ್ಸಿಯಿಂದ ಬಂದದ್ದು, ಅದನ್ನೂ ವಾಪಸ್ ಕಳಿಸೋಣವೇ?

ಮರು:
ಕಾಗದಕ್ಕೆ ನೂರಾರು ವರ್ಷ ಆಯಿತು. ನಿಮ್ಮದಕ್ಕೆ ಇನ್ನೂ ನಾಲಿಗೆ ಹೊರಳುವುದಿಲ್ಲ.

ಮರು:
ಪ್ರಶ್ನೆ ಕೇಳಿದವಳು. ಜಗಳ ಆಮೇಲೆ ಆಡಿ, ಇನ್ನೊಂದು ಹೇಳಿಬಿಡಿ. ‘ಸ್ವತಂತ್ರ ಪತ್ರಿಕೋದ್ಯಮ’ ಅಂತ ಬರೆದಾಗಲೆಲ್ಲ ಚುನಾವಣೆಯ ಸ್ವತಂತ್ರ ಅಭ್ಯರ್ಥಿ ನೆನಪಾಗುತ್ತಾನೆ. ‘ಹಂಗಿಲ್ಲದ ಪತ್ರಿಕೋದ್ಯಮ’ ಆಗಬಹುದಾ?

ಮರು:
ಚೆಂದ ಇದೆ, ಆದರೆ ಸುಳ್ಳಾಗುತ್ತದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಮಾಲ್ಡೋವಾದ ಸುದ್ದಿಮನೆಗಳು ಒದ್ದಾಡಿದವು. ಅದು ಹಂಗಲ್ಲದೆ ಇನ್ನೇನು?

ಮರು:
ನೆರವು ಬೇರೆ, ಹಂಗು ಬೇರೆ ಸ್ವಾಮಿ. ಉಂಡ ಮೇಲೆ ಬಾಯಿ ಕಟ್ಟಿದರೆ ಅದು ಹಂಗು. ದುಡ್ಡು ನಿಂತಾಗ ಒದ್ದಾಡಿದರೆ ಅದು ಬಡತನ.

ಮರು:
ಸರಿ, ‘ಹಂಗಿಲ್ಲದ’ ಇಟ್ಟೆ. ಇನ್ನೊಂದಕ್ಕೆ ‘ಬೇಕಂತಲೇ ಹಬ್ಬಿಸಿದ ಸುಳ್ಳು’ ಅಂತ ಬರೆದು ಈಗಷ್ಟೇ ಕಳಿಸಿದೆ. ಪದ ಅಲ್ಲ, ಗೊತ್ತು. ಎರಡು ಸಾಲಿನಲ್ಲಿ ಕೂತಿತು.

ಮರು:
ಹುಸಿ ಅಂದಿದ್ದರೆ ಎರಡೇ ಅಕ್ಷರ.